ನಿಮ್ಮ ರೈಲು ಲೇಖನ: ಅಪಘಾತಗಳನ್ನು ಒಂದೊಂದು ಸಾಲಿಗೆ ಮುಗಿಸಬೇಡಿ

ನಮಸ್ಕಾರ.

2023ರಲ್ಲಿ ಜಗತ್ತಿನ ರೈಲುಗಳ ಲೋಕದಲ್ಲಿ ಏನೇನಾಯಿತು ಅಂತ ನೀವು ಬರೆದು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ಮತ್ತೆ ಬರೆಯಬೇಕು ಅನ್ನುವ ಆಸೆ ನನಗಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮಗೆ ರೈಲು ಅಂದರೆ ಪ್ರೀತಿ ಅನ್ನುವುದು ಗೊತ್ತಾಗುತ್ತದೆ. ಮಾಹಿತಿ ಹುಡುಕಲು ಕಷ್ಟಪಟ್ಟಿದ್ದೀರಿ. ಆದರೆ ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳಿಗೊಂದು ಪ್ಯಾರಾ ಮಾಡಿ ಎಲ್ಲವನ್ನೂ ಸಾಲಾಗಿ ಜೋಡಿಸಿಬಿಟ್ಟಿದ್ದೀರಿ. ಯಾವುದು ದೊಡ್ಡದು, ಯಾವುದು ಚಿಕ್ಕದು ಅಂತ ನೀವೇ ತೀರ್ಮಾನಿಸಿಲ್ಲ. ಆ ಕೆಲಸವನ್ನು ಓದುಗರಿಗೆ ಬಿಟ್ಟಿದ್ದೀರಿ.

ನನಗೆ ಜಾಸ್ತಿ ಬೇಸರವಾದದ್ದು ಇಲ್ಲಿ. ಇಂಡೋನೇಷ್ಯಾದ ವೇಗದ ರೈಲಿಗೆ ಮೂರು ಪ್ಯಾರಾ ಕೊಟ್ಟಿದ್ದೀರಿ. ಅದೇ ವರ್ಷದ ಮೂರು ದೊಡ್ಡ ಅಪಘಾತಗಳಿಗೆ ಒಂದೊಂದೇ ಸಾಲು. ಒಡಿಶಾದ ಬಾಲಸೋರ್ ಬಗ್ಗೆ ನೀವು ಬರೆದಿರುವುದು ಇಷ್ಟೇ: 'ತಾಂತ್ರಿಕ ದೋಷದಿಂದ ಭೀಕರ ಅಪಘಾತ ಸಂಭವಿಸಿತು.' ಯಾವ ದೋಷ? ಎಲ್ಲಿ? ಲೇಖನ ಶುರುವಾಗಬೇಕಾದದ್ದೇ ಆ ಪ್ರಶ್ನೆಯಿಂದ ಅಲ್ವಾ?

ಜೂನ್ 2ರ ಸಂಜೆ ಬಾಲಸೋರ್ ಜಿಲ್ಲೆಯ ಬಾಹಾನಗಾ ಬಜಾರ್ ಸ್ಟೇಷನ್ನಿನಲ್ಲಿ ಏನಾಯಿತು ನೋಡಿ. ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನಿನಲ್ಲಿ ನೇರ ಹೋಗಲು ಹಸಿರು ಸಿಗ್ನಲ್ ಇತ್ತು. ಚಾಲಕ ಅದನ್ನು ನಂಬಿ ಗಂಟೆಗೆ ಸುಮಾರು 128 ಕಿ.ಮೀ. ವೇಗದಲ್ಲಿ ಬಂದರು. ಆದರೆ ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ, ಲೂಪ್ ಲೈನಿನ (ರೈಲು ನಿಲ್ಲಿಸಲು ಇರುವ ಪಕ್ಕದ ಹಳಿ) ಕಡೆಗೆ ತಿರುಗಿತ್ತು. ಅಲ್ಲಿ ಕಬ್ಬಿಣದ ಅದಿರು ತುಂಬಿದ ಗೂಡ್ಸ್ ರೈಲು ನಿಂತಿತ್ತು. ರೈಲು ಅದಕ್ಕೆ ಗುದ್ದಿತು. ಹಳಿ ತಪ್ಪಿದ ಬೋಗಿಗಳು ಪಕ್ಕದ ಹಳಿಯಲ್ಲಿ ಎದುರು ದಿಕ್ಕಿಗೆ ಸಾಗುತ್ತಿದ್ದ ಬೆಂಗಳೂರು–ಹೌರಾ ರೈಲಿನ ಕೊನೆಯ ಬೋಗಿಗಳಿಗೆ ಬಡಿದವು. 290ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಕಾರಣ ಇದೆ. ಸಿಗ್ನಲ್ ಸರ್ಕ್ಯೂಟನ್ನು ಹಿಂದೆ ಬದಲಾಯಿಸಿದಾಗ ಲೋಪವಾಗಿತ್ತು. ಲೆವೆಲ್ ಕ್ರಾಸಿಂಗಿನ ಗೇಟ್ ಬದಲಿಸಲು ಮಾಡಿದ ಸಿಗ್ನಲ್ ಕೆಲಸದಲ್ಲೂ ಲೋಪವಾಯಿತು. ಒಂದು ಗೇಟಿನ ಕೆಲಸ, ಅಷ್ಟು ಜೀವ. ಇದನ್ನು ಬಿಟ್ಟು 'ತಾಂತ್ರಿಕ ದೋಷ' ಅಂತ ಬರೆದರೆ ಸತ್ತವರಿಗೆ ನಾವು ನ್ಯಾಯ ಕೊಟ್ಟಂತೆ ಆಗುವುದಿಲ್ಲ.

ಈಗ ಗ್ರೀಸಿನ ಸಾಲಿಗೆ ಬನ್ನಿ. ಫೆಬ್ರವರಿ 28ರ ರಾತ್ರಿ ಟೆಂಪಿ ಕಣಿವೆಯ ಹತ್ತಿರ ಪ್ರಯಾಣಿಕರ ರೈಲು ಮತ್ತು ಗೂಡ್ಸ್ ರೈಲು ಮುಖಾಮುಖಿ ಗುದ್ದಿ 57 ಜನ ಸತ್ತರು. ರಜೆ ಮುಗಿಸಿ ಕಾಲೇಜಿಗೆ ಮರಳುತ್ತಿದ್ದ ಹುಡುಗ ಹುಡುಗಿಯರು ಅವರಲ್ಲಿ ಬಹಳ ಇದ್ದರು. ಲಾರಿಸಾ ಸ್ಟೇಷನ್ ಮಾಸ್ಟರ್ ರೈಲನ್ನು ತಪ್ಪು ಹಳಿಗೆ ಕಳಿಸಿದ್ದರು. ನೀವು ಅಷ್ಟಕ್ಕೇ ನಿಲ್ಲಿಸಿದ್ದೀರಿ. ಆದರೆ ಎರಡು ರೈಲುಗಳು ಸುಮಾರು 12 ನಿಮಿಷ ಒಂದೇ ಹಳಿಯಲ್ಲಿ ಎದುರೆದುರು ಓಡಿದವು, ಯಾರಿಗೂ ಗೊತ್ತಾಗಲಿಲ್ಲ. ಸಿಗ್ನಲ್ ವ್ಯವಸ್ಥೆಯನ್ನು ಸರಿಪಡಿಸಲು 2014ರಲ್ಲೇ ಗುತ್ತಿಗೆ ಕೊಟ್ಟಿದ್ದರು. ಎರಡು ವರ್ಷದಲ್ಲಿ ಮುಗಿಯಬೇಕಿದ್ದ ಆ ಕೆಲಸ 2023ಕ್ಕೂ ಮುಗಿದಿರಲಿಲ್ಲ. ಸಾರಿಗೆ ಮಂತ್ರಿ ರಾಜೀನಾಮೆ ಕೊಟ್ಟದ್ದು, ಜನ ಬೀದಿಗಿಳಿದದ್ದು ಇದಕ್ಕೇ.

ಅಮೆರಿಕದ ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ ಫೆಬ್ರವರಿ 3ರಂದು 38 ವ್ಯಾಗನ್‌ಗಳು ಹಳಿ ತಪ್ಪಿದವು. ಕಾರಣ ಒಂದು ಚಕ್ರದ ಬೇರಿಂಗ್ ಕಾದದ್ದು. ಬೇರಿಂಗಿನ ಬಿಸಿ ಅಳೆಯಲು ಹಳಿ ಪಕ್ಕ ಇಟ್ಟ ಒಂದು ಡಿಟೆಕ್ಟರ್ ಹತ್ತಿರ ಅದು ಸುತ್ತಲಿನ ಗಾಳಿಗಿಂತ 103 ಡಿಗ್ರಿ ಫ್ಯಾರನ್‌ಹೀಟ್ ಜಾಸ್ತಿ ಬಿಸಿ ಇತ್ತು. ಸುಮಾರು 20 ಮೈಲಿ ಆಚೆಯ ಮುಂದಿನ ಡಿಟೆಕ್ಟರ್ ಹತ್ತಿರ 253. ಅಲ್ಲಿ ಎಚ್ಚರಿಕೆ ಬಂದಾಗ ಹೊತ್ತು ಮೀರಿತ್ತು.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮುಂದೆ ಅಪಾಯ ಇದೆ ಅನ್ನುವ ಸುದ್ದಿ ಚಾಲಕರಿಗೆ ಸಮಯಕ್ಕೆ ಮುಟ್ಟಲಿಲ್ಲ. ನಿಮ್ಮ ಲೇಖನದ ಎಳೆ ಇದೇ. ನೀವೇ ಹುಡುಕಿ ತಂದ ಮಾಹಿತಿಯಲ್ಲಿ ಅದು ಇತ್ತು, ತಿಂಗಳ ಪ್ರಕಾರ ಜೋಡಿಸಿದ್ದರಿಂದ ಕಾಣದೆ ಹೋಯಿತು.

ಇನ್ನು ಉದ್ಘಾಟನೆಗಳು. ಅವನ್ನು ಪೂರ್ತಿ ತೆಗೆಯಿರಿ ಅನ್ನುತ್ತಿಲ್ಲ. ಜಕಾರ್ತಾ–ಬಂಡುಂಗ್ ರೈಲು ಅಕ್ಟೋಬರ್ 2ರಂದು ಉದ್ಘಾಟನೆಯಾಯಿತು, ಗಂಟೆಗೆ 350 ಕಿ.ಮೀ. ಓಡುತ್ತದೆ, ಸರಿ. ಆದರೆ ಆ 142 ಕಿ.ಮೀ. ದಾರಿಗೆ 700 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚಾಯಿತು. ಬಂಡುಂಗ್ ನಗರದ ಮಧ್ಯಭಾಗಕ್ಕೆ ಹೋಗಬೇಕಾದವರು ಪಡಲರಂಗ್‌ನಲ್ಲಿ ಇಳಿದು ಇನ್ನೊಂದು ರೈಲು ಹತ್ತಬೇಕು. 'ಮುಕ್ಕಾಲು ಗಂಟೆಯಲ್ಲಿ ಬಂಡುಂಗ್' ಅಂತ ಸುಮ್ನೆ ಬರೆದುಬಿಟ್ಟಿದ್ದೀರಿ. ಪ್ರಯಾಣಿಕರ ಗಡಿಯಾರ ಅಲ್ಲಿಗೆ ನಿಲ್ಲುವುದಿಲ್ಲ.

'ಫ್ರಾನ್ಸ್ ದೇಶದೊಳಗಿನ ವಿಮಾನಗಳನ್ನು ನಿಷೇಧಿಸಿತು' ಅನ್ನುವ ಸಾಲನ್ನು ಖಂಡಿತ ತಿದ್ದಿ. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದ ಕಡೆಗೆ ಮಾತ್ರ ಆ ನಿಯಮ. ಅದು ಮುಟ್ಟಿದ್ದು ಪ್ಯಾರಿಸ್ಸಿನ ಓರ್ಲಿ ವಿಮಾನ ನಿಲ್ದಾಣದಿಂದ ಬೋರ್ಡೋ, ನಾಂಟ್, ಲಿಯೋನ್‌ಗೆ ಹೋಗುವ ಮೂರು ದಾರಿಗಳನ್ನು. ಊರೊಳಗಿನ ಮತ್ತು ಪ್ರಾದೇಶಿಕ ರೈಲು, ಬಸ್ಸುಗಳಿಗಾಗಿ ಜರ್ಮನಿ 2023ರಲ್ಲಿ ತಂದ, ಆಗ ತಿಂಗಳಿಗೆ 49 ಯೂರೋ ಇದ್ದ ಟಿಕೆಟ್ಟಿಗೆ ಎರಡು ಸಾಲು ಸಾಕು. ವೇಗದ ಐಸಿಇ ರೈಲುಗಳಿಗೆ ಅದು ನಡೆಯುವುದಿಲ್ಲ ಅನ್ನುವುದನ್ನೂ ಸೇರಿಸಿ.

ಬ್ರಿಟನ್ನಿನ ವೇಗದ ರೈಲು ಯೋಜನೆ ಎಚ್‌ಎಸ್2 ಬಗ್ಗೆ ನೀವು ಬರೆದ ಪ್ಯಾರಾ ಚೆನ್ನಾಗಿದೆ. ಮ್ಯಾಂಚೆಸ್ಟರ್‌ವರೆಗಿನ ಭಾಗವನ್ನು ಕೈಬಿಡುತ್ತೇವೆ ಅಂತ ಆಗಿನ ಪ್ರಧಾನಿ ರಿಷಿ ಸುನಕ್ ತಮ್ಮ ಪಕ್ಷದ ಸಮ್ಮೇಳನದಲ್ಲಿ ಘೋಷಿಸಿದ್ದು ಅದೇ ಮ್ಯಾಂಚೆಸ್ಟರ್‌ನಲ್ಲಿ. ಸಮ್ಮೇಳನ ನಡೆದ ಆ ಕಟ್ಟಡ 1969ರಲ್ಲಿ ಮುಚ್ಚಿಹೋದ ರೈಲ್ವೆ ಸ್ಟೇಷನ್. ಅದನ್ನು ಗಮನಿಸಿದ ಕಣ್ಣು ನಿಮಗಿದೆ ಅಂದಮೇಲೆ ಉಳಿದ ಲೇಖನವನ್ನೂ ಹಾಗೇ ಬರೆಯಬಲ್ಲಿರಿ.

ಮುಂದಿನ ಕರಡಿನಲ್ಲಿ ಬಾಹಾನಗಾದಿಂದ ಶುರುಮಾಡಿ. ತಿಂಗಳುಗಳ ಉಪಶೀರ್ಷಿಕೆಗಳನ್ನೆಲ್ಲ ತೆಗೆಯಿರಿ. ಪಾಯಿಂಟ್ ಅಂದರೇನು, ಲೂಪ್ ಲೈನ್ ಯಾಕೆ ಬೇಕು ಅನ್ನುವುದನ್ನು ರೈಲ್ವೆ ಗೊತ್ತಿಲ್ಲದವರಿಗೂ ತಿಳಿಯುವಂತೆ ಎರಡು ಮೂರು ವಾಕ್ಯದಲ್ಲಿ ಹೇಳಿ. ಕೊನೆಯಲ್ಲಿ 'ರೈಲು ಮಾನವನ ಪ್ರಗತಿಯ ಸಂಕೇತ' ಅನ್ನುವ ಪ್ಯಾರಾ ಬೇಡವೇ ಬೇಡ. ಬರೆದು ಕಳಿಸಿ, ಬಂದ ಕೂಡಲೇ ಓದುತ್ತೇನೆ.