ಲ್ಯಾಬಿಗೆ ದುಡ್ಡು ಬೇಕು, ಪ್ರಪೋಸಲ್ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಬಿಎಸ್ಸಿ ಲ್ಯಾಬಿನಲ್ಲಿ ಇರುವುದು ಒಂದೇ ಕಲರಿಮೀಟರ್ (ದ್ರಾವಣದ ಬಣ್ಣ ಎಷ್ಟು ಗಾಢ ಅಂತ ಅಳೆಯುವ ಉಪಕರಣ), ಅದರ ಸುತ್ತ ಇಡೀ ಬ್ಯಾಚ್ ನಿಲ್ಲುತ್ತದೆ. ಉಪಕರಣಗಳ ಪಟ್ಟಿ ಮಾಡಿ, ಕೊಟೇಶನ್ ಲಗತ್ತಿಸಿ ಒಂದು ಪ್ರಪೋಸಲ್ ಕಳಿಸಿದ್ದೆವು. ಆಯ್ಕೆ ಆಗಲಿಲ್ಲ, ಕಾರಣವೂ ತಿಳಿಸಲಿಲ್ಲ. ಯಾವ ಯೋಜನೆಗೆ, ಹೇಗೆ ಬರೆಯಬೇಕು ಸರ್?

ಉತ್ತರ: ಮೇಡಂ, ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಒಂದೇ ಕಲರಿಮೀಟರ್ ಸುತ್ತ ಇಡೀ ಬ್ಯಾಚ್ ನಿಲ್ಲುತ್ತದೆ ಅಂತ ನನಗೆ ಬರೆದಿದ್ದೀರಿ. ಇದನ್ನು ಪ್ರಪೋಸಲ್‌ನಲ್ಲಿ ಬರೆದಿದ್ದಿರಾ? ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. 'ಉತ್ತಮ ಗುಣಮಟ್ಟದ ಪ್ರಯೋಗಾಲಯ ಸೌಲಭ್ಯ ಒದಗಿಸುವುದು' ಅಂತ ಒಂದು ಸಾಲು ಹಾಕಿ ನೇರ ಪಟ್ಟಿಗೆ ಹೋಗಿಬಿಡುತ್ತಾರೆ. ಅದನ್ನು ಓದುವವರಿಗೆ ನಿಮ್ಮ ಕಾಲೇಜಿಗೂ ಪಕ್ಕದ ಜಿಲ್ಲೆಯ ಕಾಲೇಜಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಮೊದಲು ಬರೆಯಬೇಕಾದ್ದು ನಿಮ್ಮ ಮಕ್ಕಳಿಗೆ ಈಗ ಏನು ಬರುವುದಿಲ್ಲ ಅನ್ನುವುದು. ಒಬ್ಬ ರೀಡಿಂಗ್ ತೆಗೆಯುತ್ತಾನೆ, ಉಳಿದವರು ಅದನ್ನೇ ಬರೆದುಕೊಳ್ಳುತ್ತಾರೆ, ರೆಕಾರ್ಡ್ ಪುಸ್ತಕ ಸೀನಿಯರ್‌ನ ರೆಕಾರ್ಡ್ ನೋಡಿ ತುಂಬುತ್ತದೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ಗೊತ್ತಿಲ್ಲದ ಒಂದು ಸ್ಯಾಂಪಲ್ ಕೈಗೆ ಕೊಟ್ಟು, ವಿಧಾನ ಹೇಳದೆ, ಇದರಲ್ಲಿ ಎಷ್ಟಿದೆ ಕಂಡುಹಿಡಿಯಿರಿ ಅಂದರೆ ಎಷ್ಟು ಜನ ತಾವಾಗಿ, ಪ್ರಮಾಣ ಗೊತ್ತಿರುವ ದ್ರಾವಣಗಳ ರೀಡಿಂಗ್ ತೆಗೆದು, ಹೋಲಿಸಿ ನೋಡಲು ಕ್ಯಾಲಿಬ್ರೇಶನ್ ಗ್ರಾಫ್ ಹಾಕುತ್ತಾರೆ? ಈ ಸೆಮಿಸ್ಟರ್‌ನಲ್ಲೇ ಒಂದು ಮಧ್ಯಾಹ್ನ ಇದನ್ನು ಮಾಡಿಸಿ ನೋಡಿ. ಬಂದ ಸಂಖ್ಯೆ ಎಷ್ಟೇ ಕಡಿಮೆ ಇರಲಿ, ಮುಚ್ಚಿಡದೆ ಬರೆಯಿರಿ. ಯೋಜನೆ ಮುಗಿದ ಮೇಲೆ ಇದೇ ಪರೀಕ್ಷೆ ಮತ್ತೆ ಮಾಡುತ್ತೇವೆ ಅಂತಲೂ ಬರೆಯಿರಿ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಪದವಿ ಮಟ್ಟದ ವಿಜ್ಞಾನ ಬೋಧನೆ ಸುಧಾರಿಸಲು ಬಹಳ ವರ್ಷಗಳಿಂದ ದುಡ್ಡು ಕೊಡುತ್ತಿದೆ. ಕಲಿಕೆ ನಿಜವಾಗಿ ಸುಧಾರಿಸಿತಾ ಅಂತ ಹೇಗೆ ಅಳೆಯುತ್ತೀರಿ ಅನ್ನುವುದನ್ನು ಅಲ್ಲಿ ಅರ್ಜಿಯಲ್ಲೇ ಹೇಳಬೇಕು. ನಮ್ಮಲ್ಲಿ ಅದನ್ನು ಕೇಳಲಿ, ಬಿಡಲಿ, ನೀವು ಬರೆಯಿರಿ. ಓದುವವರು ಅಲ್ಲಿ ಖಂಡಿತ ನಿಲ್ಲುತ್ತಾರೆ.

ಇನ್ನು ವಿಷಯ. ನಿಮ್ಮ ಜಿಲ್ಲೆಯಲ್ಲಿ ಪಾವಗಡ ಇದೆ. ಅಲ್ಲಿಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಕಥೆ ಎಲ್ಲರಿಗೂ ಗೊತ್ತು. ಕೋಲಾರ, ಚಿಕ್ಕಬಳ್ಳಾಪುರದಲ್ಲೂ ಅದೇ ಪಾಡು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪುವ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಇದನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಸ್ಪಾಡ್ನ್ಸ್ ಅನ್ನುವ ಬಣ್ಣದ ರಾಸಾಯನಿಕ ಬಳಸುವ ವಿಧಾನದಲ್ಲಿ ಫ್ಲೋರೈಡ್ ಹೆಚ್ಚಿದಷ್ಟೂ ದ್ರಾವಣದ ಬಣ್ಣ ಕಡಿಮೆಯಾಗುತ್ತದೆ, ಅದನ್ನು ಕಲರಿಮೀಟರ್‌ನಲ್ಲೇ ಓದಬಹುದು. ಮಕ್ಕಳು ತಮ್ಮ ಊರಿನ ನೀರನ್ನೇ ಬಾಟಲಿಯಲ್ಲಿ ತರಲಿ. ನೀರಿನ ಗಡಸುತನ ಅಳೆಯುವ ಇಡಿಟಿಎ ಟೈಟ್ರೇಶನ್ ಹೇಗೂ ಮಾಡಿಸುತ್ತೀರಿ ಅಲ್ವಾ, ಅದನ್ನೂ ಇದೇ ನೀರಿನಲ್ಲಿ ಮಾಡಿಸಿ. ಮೂರು ವರ್ಷದ ರೀಡಿಂಗ್ ಸೇರಿದರೆ ತಾಲ್ಲೂಕಿನ ನೀರಿನ ಒಂದು ನಕ್ಷೆಯೇ ಸಿದ್ಧವಾಗುತ್ತದೆ, ಮತ್ತು ತನ್ನ ಮನೆಯ ನೀರಿನ ರೀಡಿಂಗನ್ನು ಯಾವ ಹುಡುಗಿಯೂ ಪಕ್ಕದವರಿಂದ ನಕಲು ಮಾಡಲು ಆಗುವುದಿಲ್ಲ. ಇಷ್ಟು ಬರೆದ ಮೇಲೆ ಆರು ಕಲರಿಮೀಟರ್ ಕೇಳಿ. ಆಗ ಯಾಕೆ ಆರು ಅಂತ ಯಾರೂ ಕೇಳುವುದಿಲ್ಲ.

ಎಲ್ಲಿ ಅರ್ಜಿ ಹಾಕಬೇಕು? ಪದವಿ ಮಟ್ಟದ ವಿಜ್ಞಾನ ಬೋಧನೆಗೇ ಅಂತ ಇರುವುದು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಸ್ಟಾರ್ ಕಾಲೇಜು ಯೋಜನೆ. 2008ರಲ್ಲಿ ಶುರುವಾಯಿತು. ಹೆಸರು ಜೈವಿಕ ತಂತ್ರಜ್ಞಾನ ಅಂತಿದ್ದರೂ ಭೌತಶಾಸ್ತ್ರ, ರಸಾಯನಶಾಸ್ತ್ರ ವಿಭಾಗಗಳೂ ಸೇರಬಹುದು. ಪ್ರತಿ ಜಿಲ್ಲೆಯಲ್ಲೂ ಒಂದು ಸ್ಟಾರ್ ಕಾಲೇಜು ಇರಬೇಕು ಅನ್ನುವುದು ಅದರ ಆಶಯ, ಹಾಗಾಗಿ ತಾಲ್ಲೂಕು ಕಾಲೇಜಿನವರು ಹಿಂಜರಿಯಬೇಡಿ. ನಮ್ಮ ರಾಜ್ಯದಲ್ಲಿ ವಿಷನ್ ಗ್ರೂಪ್ ಆನ್ ಸೈನ್ಸ್ ಅಂಡ್ ಟೆಕ್ನಾಲಜಿಯ ಕೆ-ಫಿಸ್ಟ್ ಇದೆ, ಅದು ಕಾಲೇಜುಗಳ ವಿಜ್ಞಾನ ಮೂಲಸೌಕರ್ಯಕ್ಕೆ. ಕಟ್ಟಡದಂಥ ದೊಡ್ಡ ಕೆಲಸಕ್ಕೆ ಉನ್ನತ ಶಿಕ್ಷಣದ ಕೇಂದ್ರ ಯೋಜನೆ ರೂಸಾ ಇತ್ತು, 2023ರಿಂದ ಅದು ಪಿಎಂ-ಉಷಾ. ಅದರಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ್ದು 40, ಪ್ರಸ್ತಾವ ರಾಜ್ಯ ಸರ್ಕಾರದ ಮೂಲಕವೇ ಹೋಗಬೇಕು. ಇಂಜಿನಿಯರಿಂಗ್ ಕಾಲೇಜಿನವರಿಗೆ ಹಳೆಯ ಲ್ಯಾಬ್ ಹೊಸದು ಮಾಡಿಕೊಳ್ಳಲು ತಾಂತ್ರಿಕ ಶಿಕ್ಷಣ ಪರಿಷತ್ತು ಎಐಸಿಟಿಇಯ ಮಾಡ್ರಾಬ್ಸ್ ಅಂತ ಬೇರೆಯೇ ಯೋಜನೆ ಇದೆ. ಯಾವುದಕ್ಕೇ ಆಗಲಿ, ಕರೆ ಬಂದ ಮೇಲೆ ಬರೆಯಲು ಕೂತರೆ ಸಮಯ ಸಾಲುವುದಿಲ್ಲ. ಈಗಲೇ ಬರೆದಿಟ್ಟುಕೊಳ್ಳಿ. ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ) ಮಾನ್ಯತೆ ಪತ್ರ ಎಲ್ಲಿದೆ ಅಂತ ಆಫೀಸಿನಲ್ಲಿ ಇವತ್ತೇ ಹುಡುಕಿಸಿ, ಕೇಂದ್ರದ ದುಡ್ಡಿಗೆ ಅನೇಕ ಕಡೆ ಅದನ್ನು ಕೇಳುತ್ತಾರೆ.

ಬಜೆಟ್ ಬಗ್ಗೆ ಒಂದು ಮಾತು. ಎಲ್ಲ ದುಡ್ಡನ್ನೂ ಉಪಕರಣಕ್ಕೇ ಹಾಕಬೇಡಿ. ಕೆಮಿಕಲ್ಸ್, ಗಾಜಿನ ಸಾಮಾನು, ರಿಪೇರಿ, ಉಪನ್ಯಾಸಕರ ತರಬೇತಿ, ಅಧ್ಯಯನ ಭೇಟಿ, ಇವಕ್ಕೆ ಜಾಗ ಇಡಿ. ಕೊಂಡ ಯಂತ್ರ ಕೆಟ್ಟು ಬಟ್ಟೆ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿರುವುದನ್ನು ಎಷ್ಟೋ ಕಾಲೇಜುಗಳಲ್ಲಿ ನೋಡಿ ಸಂಕಟವಾಗಿದೆ. ಭೌತಶಾಸ್ತ್ರದವರು ಗೌರಿಬಿದನೂರಿನ ರೇಡಿಯೋ ದೂರದರ್ಶಕ ಕೇಂದ್ರ ನೋಡಿ ಬರುವ ಬಸ್ ಖರ್ಚನ್ನೂ ಇದರಲ್ಲೇ ಕೇಳಬಹುದು. ದುಡ್ಡು ಬಂದ ದಿನದಿಂದಲೇ ಖರೀದಿ ಕೆಲಸ ಶುರು ಮಾಡಿ. ಸರ್ಕಾರಿ ಕಾಲೇಜು ಅಂದರೆ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಇತ್ಯಾದಿ ಆಗಬೇಕು, ಮಾರ್ಚ್ ಹತ್ತಿರ ಬಂದಾಗ ಓಡಾಡಿದರೆ ಆಗದು. ಕೇಂದ್ರದ ಗ್ರಾಂಟ್ ಆದರೆ ಕೇಂದ್ರದ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ (ಯುಸಿ) ಕೊಡಬೇಕು, ಬ್ಯಾಂಕಿನಲ್ಲಿ ಬಂದ ಬಡ್ಡಿಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಯುಸಿ ಬಾಕಿ ಉಳಿದರೆ ಮುಂದಿನ ಕಂತು ನಿಲ್ಲುತ್ತದೆ. ಹಾಗಾಗಿ ಲೆಕ್ಕ ನೋಡುವ ಎಫ್‌ಡಿಎ ಅವರನ್ನು ಪ್ರಪೋಸಲ್ ಬರೆಯುವಾಗಲೇ ಜೊತೆಗೆ ಕೂರಿಸಿಕೊಳ್ಳಿ.

ಪ್ರಶ್ನೆ: ನಮ್ಮದು ಕೋಲಾರ ತಾಲ್ಲೂಕಿನ ಖಾಸಗಿ ಪದವಿ ಕಾಲೇಜು. ನರಸಾಪುರ, ವೇಮಗಲ್ ಕಾರ್ಖಾನೆಗಳು ಹತ್ತಿರದಲ್ಲೇ ಇವೆ. ಅವರ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೇಳಬಹುದಾ?

ಉತ್ತರ: ಧಾರಾಳವಾಗಿ ಕೇಳಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ 2 ಭಾಗ ಇದಕ್ಕೆ ತೆಗೆದಿಡಬೇಕು. ಕಾರ್ಖಾನೆ ಇರುವ ಸ್ಥಳಕ್ಕೆ ಆದ್ಯತೆ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತದೆ, ಶಿಕ್ಷಣವೂ ಪಟ್ಟಿಯಲ್ಲಿದೆ. ಆದರೆ ದುಡ್ಡು ನಿಮ್ಮ ಟ್ರಸ್ಟ್ ಮೂಲಕ ಬರಬೇಕಾದರೆ ಟ್ರಸ್ಟ್‌ಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಇರಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆ ತುಂಬಿ ನಂಬರ್ ಪಡೆದಿರಲೂ ಬೇಕು. ಅದು ಇಲ್ಲದೆ ಹೋದರೆ ಅವರಿಗೆ ಮನಸ್ಸಿದ್ದರೂ ಕೊಡಲಾಗದು. ಕೇಳುವಾಗ ದುಡ್ಡಿನ ಜೊತೆ ಜನರನ್ನೂ ಕೇಳಿ. ಕಾರ್ಖಾನೆಯ ಕ್ವಾಲಿಟಿ ವಿಭಾಗದ ಒಬ್ಬ ಇಂಜಿನಿಯರ್ ಸೆಮಿಸ್ಟರ್‌ಗೆ ಕೆಲವು ದಿನ ಬಂದು ಅಳತೆಯಲ್ಲಿ ತಪ್ಪು ಹೇಗೆ ನುಸುಳುತ್ತದೆ ಅಂತ ನಿಮ್ಮ ಬಿಎಸ್ಸಿ ಮಕ್ಕಳಿಗೆ ತೋರಿಸಿದರೆ, ಅದು ಪಠ್ಯಪುಸ್ತಕದಿಂದ ಸಿಗುವ ಪಾಠವಲ್ಲ. ಸುಮ್ನೆ ಸ್ಮಾರ್ಟ್ ಬೋರ್ಡ್ ಹಾಕಿಸಿಕೊಂಡು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಪ್ರಶ್ನೆ: ನಾನು ಬಾಗೇಪಲ್ಲಿ ಕಡೆ ಭೌತಶಾಸ್ತ್ರದ ಅತಿಥಿ ಉಪನ್ಯಾಸಕ. ನನ್ನ ಹೆಸರಿನಲ್ಲೇ ಅರ್ಜಿ ಹಾಕಬಹುದಾ?

ಉತ್ತರ: ಸಾಮಾನ್ಯವಾಗಿ ಖಾಯಂ ಬೋಧಕರ ಹೆಸರಿನಲ್ಲೇ ಕೇಳುತ್ತಾರೆ. ಇದು ಬೇಸರದ ಸಂಗತಿ, ಏಕೆಂದರೆ ಎಷ್ಟೋ ಕಡೆ ಲ್ಯಾಬ್ ನಡೆಸುತ್ತಿರುವವರೇ ನೀವು. ಖಾಯಂ ಇರುವ ಒಬ್ಬರ ಜೊತೆ ಸೇರಿ ಬರೆಯಿರಿ, ನಿಮ್ಮ ಹೆಸರು ಮತ್ತು ನಿಮ್ಮ ಕೆಲಸ ಪ್ರಪೋಸಲ್‌ನಲ್ಲಿ ಸ್ಪಷ್ಟವಾಗಿ ಇರಲಿ ಅಂತ ಮೊದಲೇ ಪ್ರಿನ್ಸಿಪಾಲರ ಬಳಿ ಮಾತಾಡಿ. ಗ್ರಾಂಟ್ ಬರುವವರೆಗೆ ಕಾಯಬೇಕಿಲ್ಲ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್ ರೂಪಿಸಿದ ಎಕ್ಸ್‌ಪೈಸ್ (ExpEYES) ಅನ್ನುವ ಪುಟ್ಟ ಪೆಟ್ಟಿಗೆ ಇದೆ, ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ವಿದ್ಯುತ್ ಅಲೆ ತೋರಿಸುವ ಆಸಿಲೋಸ್ಕೋಪ್, ಅಲೆ ಹುಟ್ಟಿಸುವ ಸಿಗ್ನಲ್ ಜನರೇಟರ್, ಎರಡರ ಕೆಲಸವನ್ನೂ ಮಾಡುತ್ತದೆ, ಸಾಫ್ಟ್‌ವೇರ್ ಉಚಿತ. ವಿಭಾಗದ ಸಣ್ಣ ಖರ್ಚಿನಲ್ಲೇ ಒಂದು ತರಿಸಿ, ಒಂದು ಸೆಮಿಸ್ಟರ್ ಮಕ್ಕಳ ಕೈಗೆ ಕೊಟ್ಟು, ಯಾವ ಪ್ರಯೋಗ ಹಿಡಿಸಿತು, ಎಲ್ಲಿ ಎಡವಿದರು ಅಂತ ಬರೆದಿಟ್ಟುಕೊಳ್ಳಿ. ಬೇಸಿಗೆ ರಜೆಗೆ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಸಮ್ಮರ್ ರಿಸರ್ಚ್ ಫೆಲೋಶಿಪ್‌ಗೂ ಅರ್ಜಿ ಹಾಕಿ ನೋಡಿ. ಅದು ವಿದ್ಯಾರ್ಥಿಗಳ ಜೊತೆ ಶಿಕ್ಷಕರಿಗೂ ಇದೆ.