ದುಡಿ ಕುಂಟುವುದೇಕೆ: ಒಂದು ಪತ್ರಕ್ಕೆ ಸಂಪಾದಕರ ಉತ್ತರ

ಓದುಗರ ಪತ್ರದಿಂದ: "ಹನ್ನೆರಡು ವರ್ಷದಿಂದ ಒಬ್ಬಳೇ ಭಾವಗೀತೆ ಹಾಡಿಕೊಂಡು ಬಂದಿದ್ದೇನೆ. ಈ ಸಲ ನನ್ನದೇ ಹಾಡೊಂದನ್ನು ಕುಣಿಯುವ ಹಾಡು ಮಾಡೋಣವೆಂದು ಹಳೇ ಧ್ವನಿಮುದ್ರಣಕ್ಕೆ ಬೀಟ್ ಹಾಕಿಸಿದೆ. ನಿಮಿಷಕ್ಕೆ 96 ಏಟಿನ ವೇಗವನ್ನು 124ಕ್ಕೆ ಏರಿಸಿದರು. ನಮ್ಮ ಕೊಡಗಿನ ವಾಲಗದ (ಮದುವೆಯಲ್ಲಿ ಕುಣಿಸುವ ವಾದ್ಯಮೇಳದ) ನಡೆಯನ್ನು ದುಡಿಯಲ್ಲಿ (ನಡು ಸಣ್ಣದಾದ ಪುಟ್ಟ ಚರ್ಮವಾದ್ಯದಲ್ಲಿ) ನುಡಿಸಿ ಸೇರಿಸಿದೆವು. ಮದುವೆಯೊಂದರಲ್ಲಿ ಹಾಕಿದಾಗ ಎದ್ದವರು ಅರ್ಧಕ್ಕೇ ಕೂತರು. ದುಡಿ ಕುಂಟುತ್ತದೆ, ನನ್ನ ದನಿ ನಡುಗಿದ ಹಾಗಿದೆ. ಇಂಥ ಹಾಡಿಗೆ ನನ್ನ ದನಿ ಒಗ್ಗುವುದಿಲ್ಲವೇ?" (ಗೋಣಿಕೊಪ್ಪಲಿನ ಓದುಗರೊಬ್ಬರು)

ಪ್ರೀತಿಯ ಸಹೋದರಿ,

ನೀವು ಕೊನೆಗೆ ಕೇಳಿದ್ದಕ್ಕೆ ಮೊದಲು ಉತ್ತರ. ಪತ್ರದ ಜೊತೆ ಬಂದ ಹಾಡನ್ನು ಕೇಳಿದೆವು. ದನಿಯಲ್ಲಿ ಯಾವ ಕೊರತೆಯೂ ಇಲ್ಲ. ಆ ಹಾಡು ಹುಟ್ಟಿದ್ದು ದನಿ ಮುಂದೆ ನಡೆದು ವಾದ್ಯ ಹಿಂದೆ ಬರುವ ಪದ್ಧತಿಯಲ್ಲಿ. ಭಾವಗೀತೆಯಲ್ಲಿ ನೀವು ಒಂದು ಸ್ವರದ ಮೇಲೆ ಅರೆಕ್ಷಣ ನಿಂತರೆ ತಬಲಾದವರು ಕಾಯುತ್ತಾರೆ. ಡಾನ್ಸ್ ಪಾಪ್‌ನಲ್ಲಿ ಏಟಿಗೊಮ್ಮೆ 'ಧಮ್' ಎನ್ನುವ ಕಿಕ್ ಡ್ರಮ್ ಯಾರಿಗೂ ಕಾಯುವುದಿಲ್ಲ, ಕಾಯಲೂ ಬಾರದು. ಕುಣಿಯುವವರ ಕಾಲು ನಂಬಿರುವುದು ಅದನ್ನೇ. ಹಾಗಾಗಿ ಹಳೇ ಹಾಡಿನ ಕೆಳಗೆ ಬೀಟ್ ಇಟ್ಟರೆ ಕೆಲಸ ಮುಗಿಯುವುದಿಲ್ಲ. ಬೀಟ್ ಮೊದಲು ಇಟ್ಟು, ಅದರ ಮೇಲೆ ಹಾಡನ್ನು ಹೊಸದಾಗಿ ಕಟ್ಟಬೇಕು.

ದನಿ ನಡುಗಿದ್ದಕ್ಕೆ ಕಾರಣ ಸರಳ. 96ರಿಂದ 124ಕ್ಕೆ ಎಂದರೆ ನೂರಕ್ಕೆ 29ರಷ್ಟು ಹೆಚ್ಚಳ. ಸಾಫ್ಟ್‌ವೇರ್ ಸ್ವರವನ್ನು ಅಲ್ಲೇ ಉಳಿಸಿ ವೇಗ ಮಾತ್ರ ಏರಿಸಿದರೂ ಗಮಕದ ತೂಗಾಟವೂ ಜೊತೆಗೇ ವೇಗವಾಗುತ್ತದೆ. ಸೆಕೆಂಡಿಗೆ 5 ಸಲ ತೂಗಿದ್ದು ಆರೂವರೆ ಸಲ ಆಗುತ್ತದೆ, ಕಿವಿಗೆ ಅದು ಆಡಿನ ಕೂಗಿನಂತೆ ಬರುತ್ತದೆ. ನೂರಕ್ಕೆ 4-5ರಷ್ಟು ಏರಿಸಿದರೆ ಹೆಚ್ಚಿನವರಿಗೆ ತಿಳಿಯದು. ಅದಕ್ಕಿಂತ ಹೆಚ್ಚು ಬೇಕಿದ್ದರೆ ಮತ್ತೆ ಹಾಡುವುದೊಂದೇ ದಾರಿ.

ದುಡಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ವಾಲಗದ ಕುಣಿತದ ನಡೆ ತಿಶ್ರ: ಒಂದು ಹೆಜ್ಜೆಯೊಳಗೆ ಮೂರು ಪಾಲು. ನಿಮ್ಮ ಬೀಟ್ ಮಾಡಿದವರು ಹಾಕಿರುವುದು ಚತುರಶ್ರ: ಒಂದು ಏಟಿನೊಳಗೆ ನಾಲ್ಕು ಪಾಲು, ಹೈ-ಹ್ಯಾಟ್ (ಡ್ರಮ್ಮಿನ ಜೋಡಿ ತಾಳ) ಆ ನಾಲ್ಕನ್ನೂ ಟಿಕ್ ಟಿಕ್ ಎಂದು ಎಣಿಸುತ್ತಿದೆ. ಮೇಲಾಗಿ ದುಡಿಯ ಟ್ರ್ಯಾಕನ್ನು 'ಕ್ವಾಂಟೈಜ್' ಮಾಡಿದ್ದಾರೆ, ಅಂದರೆ ಪ್ರತಿ ಪೆಟ್ಟನ್ನೂ ಸಾಫ್ಟ್‌ವೇರ್‌ನಲ್ಲಿ ಕಾಲ ಅಳೆಯುವ ಗೆರೆಗಳ ಪೈಕಿ ಹತ್ತಿರದ್ದಕ್ಕೆ ಎಳೆದು ಕೂರಿಸಿದ್ದಾರೆ. ಗೆರೆಗಳು ಏಟಿನ ಕಾಲು, ಅರ್ಧ, ಮುಕ್ಕಾಲಿನಲ್ಲಿವೆ. ದುಡಿಯ ಎರಡನೇ ಪೆಟ್ಟು ಬೀಳಬೇಕಾದ್ದು ಮೂರನೇ ಒಂದು ಪಾಲಿನಲ್ಲಿ, ಮೂರನೆಯದು ಮೂರನೇ ಎರಡು ಪಾಲಿನಲ್ಲಿ. ಎಳೆದಾಗ ಎರಡನೆಯದು ಬೇಗ ಬಂತು, ಮೂರನೆಯದು ತಡವಾಯಿತು. 124ರ ವೇಗದಲ್ಲಿ ಒಂದು ಏಟು 484 ಮಿಲಿಸೆಕೆಂಡ್. ಈ ಎರಡೂ ಪೆಟ್ಟು ಸುಮಾರು 40 ಮಿಲಿಸೆಕೆಂಡ್ ಆಚೀಚೆ ಆಗಿವೆ. ನೀವು ಕೇಳಿದ ಕುಂಟು ಅಷ್ಟೇ. ನುಡಿಸಿದವರ ಕೈ ಸರಿಯಾಗಿಯೇ ಇತ್ತು, ಅವರಿಗೆ ಈ ಮಾತನ್ನು ದಯವಿಟ್ಟು ತಿಳಿಸಿ.

ಸರಿಪಡಿಸಲು ಎರಡು ದಾರಿಗಳಿವೆ. ಇಡೀ ಹಾಡನ್ನೇ ತಿಶ್ರಕ್ಕೆ ತರುವುದು ಒಂದು. ಸಾಫ್ಟ್‌ವೇರ್‌ನಲ್ಲಿ ಗೆರೆಯನ್ನು 'ಟ್ರಿಪ್ಲೆಟ್'ಗೆ ಬದಲಿಸಿ. ನಾಲ್ಕು ಏಟಿನ ಒಂದು ಆವರ್ತಕ್ಕೆ 12 ಪಾಲು ಸಿಗುತ್ತದೆ. ಕಿಕ್ ಮೊದಲಿನಂತೆ ನಾಲ್ಕೂ ಏಟಿಗೆ ಬೀಳಲಿ, ಹೈ-ಹ್ಯಾಟ್ ಮೂರರ ಲೆಕ್ಕಕ್ಕೆ ಬರಲಿ. ದುಡಿಯನ್ನು ಗೆರೆಗೆ ಪೂರ್ತಿ ಎಳೆಯದೆ ನೂರಕ್ಕೆ 50-60ರಷ್ಟು ಮಾತ್ರ ಎಳೆಸಿ, ಕೈಯ ಜೀವ ಉಳಿಯುತ್ತದೆ. ವೇಗವನ್ನು 108ರಿಂದ 116ರ ನಡುವೆ ಇಡಿ. ತಿಶ್ರದಲ್ಲಿ ಇದೇ ವೇಗ ಕಿವಿಗೆ ಚುರುಕಾಗಿ ಕೇಳುತ್ತದೆ. 124ಕ್ಕೆ ಹೋದರೆ ದುಡಿ ವಟಗುಟ್ಟುತ್ತದೆ. ಎರಡನೇ ದಾರಿ, ಹಾಡು ಚತುರಶ್ರದಲ್ಲೇ ಇರಲಿ, ದುಡಿಗೆ ನಡುವೆ ಎಂಟು ಆವರ್ತ ಬಿಟ್ಟುಕೊಡಿ, ಅಷ್ಟೂ ಹೊತ್ತು ಹೈ-ಹ್ಯಾಟ್ ಬಾಯಿ ಮುಚ್ಚಿರಲಿ. ನಮ್ಮ ಒಲವು ಮೊದಲನೆಯದರ ಕಡೆಗೆ. ಕೊಡಗಿನ ಮದುವೆಯಲ್ಲಿ ಕಾಲುಗಳಿಗೆ ಆ ನಡೆ ಗೊತ್ತು, ಹೊಸದಾಗಿ ಕಲಿಸಬೇಕಾಗಿಲ್ಲ.

ಆಮೇಲೆ ಸಾಹಿತ್ಯ. ನಡೆ ಬದಲಿಸಿದ ಮೇಲೆ ಮಾತೂ ಅದಕ್ಕೆ ಕೂರಬೇಕು, ಇಲ್ಲಿ ನಮ್ಮ ಛಂದಸ್ಸು ಬಹಳ ಉಪಕಾರಿ. 'ಮಳೆಯೂ ನಿಂತಿತು ಹೊಳೆಯೂ ತುಂಬಿತು' ಎಂಬ ಸಾಲನ್ನು ಬಿಡಿಸಿ ನೋಡಿ: ನಾಲ್ಕು ಗಣ, ಒಂದೊಂದಕ್ಕೂ ನಾಲ್ಕು ಮಾತ್ರೆ. ಚತುರಶ್ರಕ್ಕೆ ಹೇಳಿ ಮಾಡಿಸಿದ್ದು. ಅದನ್ನೇ 'ಮಳೆಯು ನಿಂತು ಹೊಳೆಯು ತುಂಬಿ' ಎಂದರೆ ಮೂರು ಮೂರು ಮಾತ್ರೆಯ ನಾಲ್ಕು ಗಣ. ದುಡಿಯ ಮೇಲೆ ತಾನಾಗಿ ಓಡುತ್ತದೆ. ಮೂರು ಮಾತ್ರೆಯ ಈ ನಡೆಗೆ ಛಂದಸ್ಸಿನವರು ಉತ್ಸಾಹ ಲಯ ಎಂದೇ ಹೆಸರಿಟ್ಟಿದ್ದಾರೆ. ನಿಮ್ಮ ಪಲ್ಲವಿ ಐದು ಮಾತ್ರೆಯ ಗಣಗಳದ್ದು. ಅದಕ್ಕೇ ಅದು ಎರಡೂ ನಡೆಗೆ ಕೂರದೆ ಪ್ರತಿ ಆವರ್ತದ ಕೊನೆಗೂ ಒಂದಿಷ್ಟು ಹೊರಗೆ ಚಾಚುತ್ತಿದೆ. ಪಲ್ಲವಿಯನ್ನು ಮೂರರ ಗಣಕ್ಕೆ ಹೊಸದಾಗಿ ಬರೆಯಿರಿ. ಚರಣಗಳನ್ನು ಆಮೇಲೆ ನೋಡೋಣ.

ಬರೆಯುವಾಗ ಎಳೆದು ಹಾಡುವ ಜಾಗಕ್ಕೆ ದೀರ್ಘಾಕ್ಷರವನ್ನೇ ಇಡಿ. 'ಬಳೆ'ಯನ್ನು ಎರಡು ಏಟು ಎಳೆದರೆ 'ಬಾಳೆ' ಆಗುತ್ತದೆ, 'ಮರ' 'ಮಾರ' ಆಗುತ್ತದೆ. ಪಕ್ಕವಾದ್ಯ ಕಡಿಮೆ ಇರುವಲ್ಲಿ ಕೇಳುಗ ಊಹಿಸಿಕೊಳ್ಳುತ್ತಾನೆ, ಸ್ಪೀಕರಿನ ಅಬ್ಬರದಲ್ಲಿ ಅದಾಗದು. ಎತ್ತರದ ಸ್ವರದಲ್ಲಿ ನಿಲ್ಲುವ ಅಕ್ಷರ 'ಆ' ಅಥವಾ 'ಓ'ಕಾರದ್ದಾದರೆ ಗಂಟಲು ತೆರೆದಿರುತ್ತದೆ. 'ಇ', 'ಉ' ಆದರೆ ದನಿ ಕಿರಿದಾಗುತ್ತದೆ. ನಡುವೆ ಕೊಡವ ತಕ್ಕಿನ ಸಾಲು ಹಾಕುವ ಯೋಚನೆಯೂ ನಿಮಗಿದೆ. ಖಂಡಿತ ಹಾಕಿ. ಕನ್ನಡದಲ್ಲಿಲ್ಲದ, ನಾಲಿಗೆಯ ನಡುವಿನಿಂದ ಹುಟ್ಟುವ ಸ್ವರಗಳು ಚಿಕ್ಕ ಅಕ್ಷರಗಳಲ್ಲಿ ಬಂದು ಹೋಗಲಿ. ಎಳೆದು ಹಾಡುವಾಗ ಅವು ಜಾರಿ ಕನ್ನಡದ 'ಎ', 'ಉ' ಆಗಿಬಿಡಬಹುದು, ಮನೆಮಾತಿನವರಿಗೆ ಕಸಿವಿಸಿಯಾಗುತ್ತದೆ.

ನೀವು ಹಾಡಿರುವುದು ಜಿ ಶ್ರುತಿಯಲ್ಲಿ, ಹಾರ್ಮೋನಿಯಂನ ಬಿಳಿ ಐದು. ಅದನ್ನೇ ಇಟ್ಟುಕೊಳ್ಳಿ. ಆ ಶ್ರುತಿಯಲ್ಲಿ, ತಗ್ಗು ಸ್ವರ ನುಡಿಸುವ ಬೇಸ್‌ನ ಷಡ್ಜ 49 ಹರ್ಟ್ಸ್. ಡಿ ಶ್ರುತಿಯಾಗಿದ್ದರೆ 37ಕ್ಕೆ ಇಳಿಯುತ್ತಿತ್ತು, ಮಂಟಪಗಳ ಸಾಮಾನ್ಯ 15 ಇಂಚಿನ ಸ್ಪೀಕರ್‌ಗೆ ಅದು ಎಟುಕುವುದಿಲ್ಲ. ಕಿಕ್‌ನ ಮುಖ್ಯ ದನಿಯನ್ನು ಪಂಚಮಕ್ಕೆ, ಅಂದರೆ 73 ಹರ್ಟ್ಸ್ ಹತ್ತಿರ, ಶ್ರುತಿ ಮಾಡಿದರೆ ಎರಡೂ ಒಂದೇ ಜಾಗಕ್ಕೆ ಗುದ್ದಾಡುವುದಿಲ್ಲ. ಕಿಕ್ ಬಿದ್ದಾಗಲೆಲ್ಲ ಬೇಸ್ 3ರಿಂದ 5 ಡೆಸಿಬಲ್ ತಗ್ಗುವಂತೆ ಸೈಡ್‌ಚೈನ್ ಹಾಕಿಸಿ, 150-200 ಮಿಲಿಸೆಕೆಂಡಿನಲ್ಲಿ ಅದು ಮೇಲೆದ್ದು ಬರಲಿ. ನಿಧಾನವಾಗಿ ಎದ್ದರೆ ಮುಂದಿನ ಕಿಕ್ ಬಂದುಬಿಡುತ್ತದೆ, ಬೇಸ್ ಇದ್ದೂ ಇಲ್ಲದಂತಾಗುತ್ತದೆ. ಜಿ ಶ್ರುತಿಯಲ್ಲಿ ಒಂದು ಎಚ್ಚರಿಕೆಯೂ ಇದೆ. ಕರೆಂಟು ಹೋಗಿ ಜನರೇಟರ್ ಹಾಕಿದಾಗ, ಅರ್ಥಿಂಗ್ ಸರಿಯಿಲ್ಲದ ಕಡೆ 50 ಹರ್ಟ್ಸ್‌ನ ಗುಂಯ್‌ಗುಟ್ಟು ಸ್ಪೀಕರಿಗೆ ಸೇರುತ್ತದೆ. 49ರ ಬೇಸ್ ಅದರ ಜೊತೆ ಬೆರೆತು ಸೆಕೆಂಡಿಗೊಮ್ಮೆ ಉಬ್ಬಿ ತಗ್ಗುತ್ತದೆ. ಹಾಡು ಕೆಟ್ಟಿದೆ ಎಂದುಕೊಳ್ಳಬೇಡಿ, ಸೌಂಡ್‌ನವರಿಗೆ ಹೇಳಿ ಅರ್ಥಿಂಗ್ ನೋಡಿಸಿ.

ಒಬ್ಬರೇ ಹಾಡುವವರು ಈ ದಾರಿಗೆ ಬಂದರೆ ದನಿ ಕಳೆದುಹೋಗುತ್ತದೆ ಎಂಬ ಅಂಜಿಕೆ ನಿಮ್ಮ ಪತ್ರದಲ್ಲಿ ಕಂಡಿತು. ಇದು ಕೊಡಗಿನವರಿಗೆ ಹೊರಗಿನ ದಾರಿಯಲ್ಲ. ಕೊಡವ ಮನೆತನದ, ಬೆಂಗಳೂರಿನಲ್ಲಿ ಹುಟ್ಟಿದ ಸಂಗೀತ ನಿರ್ದೇಶಕ ಬಿದ್ದು ಅಪ್ಪಯ್ಯ ಲಂಡನ್ನಿನಲ್ಲಿ ನೆಲೆಸಿ 1974ರಲ್ಲಿ ಕಾರ್ಲ್ ಡಗ್ಲಸ್‌ಗೆ 'ಕುಂಗ್ ಫೂ ಫೈಟಿಂಗ್', 1976ರಲ್ಲಿ ಟೀನಾ ಚಾರ್ಲ್ಸ್‌ಗೆ 'ಐ ಲವ್ ಟು ಲವ್' ಎಂಬ ಡಿಸ್ಕೊ ಹಾಡು ಮಾಡಿಕೊಟ್ಟರು. 1980ರಲ್ಲಿ ಹದಿಹರೆಯದ ನಾಜಿಯಾ ಹಸನ್ 'ಆಪ್ ಜೈಸಾ ಕೋಯಿ', 1995ರಲ್ಲಿ ಅಲಿಶಾ ಚಿನಾಯ್ 'ಮೇಡ್ ಇನ್ ಇಂಡಿಯಾ' ಹಾಡಿದ್ದೂ ಅವರ ಸಂಗೀತಕ್ಕೇ. ನಾಲ್ವರೂ ಒಬ್ಬರೇ ಹಾಡಿದವರು, ನಾಲ್ವರ ದನಿಯೂ ಬೇರೆ ಬೇರೆ. ನಾಲ್ಕನ್ನೂ ಒಂದೇ ಕೂತಲ್ಲಿ ಕೇಳಿ, ದನಿ ಎಲ್ಲಿ ಮುಂದಿದೆ, ಬೀಟ್ ಅದಕ್ಕೆ ಎಲ್ಲಿ ಜಾಗ ಬಿಟ್ಟಿದೆ ಎಂದು ಗುರುತು ಹಾಕಿಕೊಳ್ಳಿ.

ಧ್ವನಿಮುದ್ರಣಕ್ಕೆ ಮೈಕಿನಿಂದ ಒಂದು ಗೇಣು ದೂರ ನಿಂತು, ಅತಿ ಜೋರಿನ ಜಾಗದಲ್ಲೂ ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 10 ಡೆಸಿಬಲ್‌ನ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳಿ. ಪಲ್ಲವಿಯನ್ನು ಮೂರು ಸಲ ಬೇರೆ ಬೇರೆಯಾಗಿ ಹಾಡಿ. ಒಂದು ನಡುವೆ, ಉಳಿದೆರಡು ಎಡಬಲಕ್ಕೆ, 8-10 ಡೆಸಿಬಲ್ ಕೆಳಗೆ. ಒಂದನ್ನೇ ನಕಲು ಮಾಡಿ ಎಡಬಲಕ್ಕೆ ಹಾಕಿದರೆ ದನಿ ಜೋರಾಗುತ್ತದೆಯೇ ಹೊರತು ದಪ್ಪವಾಗುವುದಿಲ್ಲ. ಹಾಗೆ ಹಾಡುವಾಗ ಗಮಕ ಮೂರರಲ್ಲೂ ಒಂದೇ ತೆರನಾಗಿರಬೇಕು. ನಿಮ್ಮಂಥ ಅಭ್ಯಾಸವುಳ್ಳವರಿಗೇ ಇದು ಕಷ್ಟ, ಏಕೆಂದರೆ ಪ್ರತಿ ಸಲ ಹೊಸದೇನೋ ಹೊಳೆಯುತ್ತದೆ. ಪಲ್ಲವಿಯಲ್ಲಿ ಒಂದೇ ಗಮಕ ಇಟ್ಟುಕೊಂಡು ಉಳಿದ ಸ್ವರಗಳನ್ನು ನೇರ ಹಿಡಿಯಿರಿ. ಹೊಳೆದಂತೆ ಹಾಡುವ ಮನೋಧರ್ಮಕ್ಕೆ ಚರಣವಿದೆ.

ತಪ್ಪಿದ ಸ್ವರವನ್ನು ತಿದ್ದುವ ಆಟೋಟ್ಯೂನ್ ಸಾಫ್ಟ್‌ವೇರ್ ಬೇಡವೆಂದಲ್ಲ. ಅದರ ವೇಗವನ್ನು ಸೊನ್ನೆಗೆ ಇಟ್ಟರೆ ಜಾರುವ ಗಮಕ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ತಪ್ಪಿದ ಒಂದೆರಡು ಸ್ವರಗಳನ್ನಷ್ಟೇ ಆರಿಸಿ ಕೈಯಿಂದ ತಿದ್ದಿಸಿ. ಇನ್ನು, ಜೂನ್‌ನಿಂದ ಸೆಪ್ಟೆಂಬರ್ ತನಕ ಶೀಟ್ ಮನೆಯಲ್ಲಿ ರೆಕಾರ್ಡ್ ಮಾಡುವ ಆಸೆ ಬಿಡಿ: ಮಳೆಯ ಸದ್ದನ್ನು ತೆಗೆಯಹೊರಟ ಸಾಫ್ಟ್‌ವೇರ್ 'ಸ', 'ಶ'ಗಳನ್ನೂ ಜೊತೆಗೇ ತೆಗೆದುಬಿಡುತ್ತದೆ. ಆ ಥಂಡಿಗೆ ಕಂಡೆನ್ಸರ್ ಮೈಕ್ ಚಟಪಟ ಎನ್ನತೊಡಗುತ್ತದೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ.

ಡಿಜೆಗಳಿಗೆ ಕೊಡಲು ಬೇರೆಯೇ ಪ್ರತಿ ಬೇಕು. ಮೊದಲಿಗೆ 16 ಆವರ್ತ, ಕೊನೆಗೆ 16 ಆವರ್ತ ಬರೀ ಬೀಟ್ ಇರಲಿ. 112ರ ವೇಗದಲ್ಲಿ ಅದು ಸುಮಾರು 34 ಸೆಕೆಂಡ್. ಅಷ್ಟು ಜಾಗವಿಲ್ಲದಿದ್ದರೆ ಹಿಂದಿನ ಹಾಡಿನಿಂದ ನಿಮ್ಮದಕ್ಕೆ ದಾಟಲು ಅವರಿಗೆ ಆಗುವುದಿಲ್ಲ, ತಟ್ಟನೆ ನಿಲ್ಲಿಸಿ ಹಾಕುತ್ತಾರೆ, ಜನ ಆಗಲೇ ಕೂರುವುದು. ಪಲ್ಲವಿಯಂತೂ ಹಾಡು ಶುರುವಾದ ಒಂದು ನಿಮಿಷದೊಳಗೆ ಬರಲಿ. ನಿಮ್ಮದರಲ್ಲಿ ಅದು ಒಂದು ಮುಕ್ಕಾಲು ನಿಮಿಷಕ್ಕೆ ಬರುತ್ತಿದೆ.

ವಾಲಗದವರನ್ನು, ದುಡಿಯವರನ್ನು ಕರೆಸಿ, ಸಂಭಾವನೆ ಕೊಟ್ಟು, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು ಹೆಸರು ಹಾಕಿ. ಮದುವೆಯ ವಿಡಿಯೊದಿಂದ ಕತ್ತರಿಸಿ ತರಬೇಡಿ. ದೈವಕ್ಕೆ, ಕಾರಣರಿಗೆ (ಗತಿಸಿದ ಹಿರಿಯರಿಗೆ) ಸಲ್ಲುವ ಪಾಟ್‌ಗಳನ್ನು (ಕೊಡವ ಹಾಡುಗಳನ್ನು) ಕುಣಿತದ ಹಾಡಿಗೆ ತರುವುದು ಬೇಡವೆಂಬುದು ನಮ್ಮ ಗಟ್ಟಿ ಅಭಿಪ್ರಾಯ. ಮುಂದೆ ಹೆಸರಾಂತ ಭಾವಗೀತೆಗಳಿಗೂ ಹೀಗೇ ಬೀಟ್ ಹಾಕುವ ಮನಸ್ಸಿದೆ ಎಂದಿದ್ದೀರಿ. ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಕುವೆಂಪು 1994ರಲ್ಲಿ. ಲೆಕ್ಕ ನೀವೇ ಹಾಕಬಹುದು. ರಾಗ ಹಾಕಿದವರ ಹಕ್ಕು ಬೇರೆಯೇ ಇದೆ. ಎರಡೂ ಕಡೆಯಿಂದ ಅನುಮತಿ ಬೇಕು.

ವೇದಿಕೆಯಲ್ಲಿ ಟ್ರ್ಯಾಕ್‌ಗೆ ಹಾಡುವಾಗ ಎದುರಿನ ದೊಡ್ಡ ಸ್ಪೀಕರನ್ನು ಕೇಳಿ ಕಾಲ ಹಿಡಿಯಬೇಡಿ. ಅದು 10 ಮೀಟರ್ ದೂರವಿದ್ದರೆ ಸದ್ದು 29 ಮಿಲಿಸೆಕೆಂಡ್ ತಡವಾಗಿ ಬರುತ್ತದೆ, ನೀವೂ ಅಷ್ಟೇ ತಡವಾಗಿ ಹಾಡುತ್ತೀರಿ. ಕಾಲಬುಡದಲ್ಲಿ ಇಡುವ ಮಾನಿಟರ್ ಸ್ಪೀಕರನ್ನು ಕೇಳಿ ಪಡೆಯಿರಿ, ಇಲ್ಲವೇ ತಂತಿಯ ಇಯರ್‌ಫೋನ್ ಹಾಕಿಕೊಳ್ಳಿ. ಬ್ಲೂಟೂತ್ ಇನ್ನೂ ತಡ, ಈ ಕೆಲಸಕ್ಕೆ ಆಗದು.

ಉಸಿರಿಗೆ ಒಂದು ಅಭ್ಯಾಸ. ಟಿಕ್ ಟಿಕ್ ಎಂದು ಕಾಲ ಎಣಿಸುವ ಮೆಟ್ರೊನೋಮನ್ನು 112ಕ್ಕೆ ಇಟ್ಟು, ಒಂದು ಸದ್ದಿಗೆ ಒಂದು ಹೆಜ್ಜೆಯಂತೆ ಅಂಗಳದಲ್ಲಿ ನಡೆಯುತ್ತಾ ಪಲ್ಲವಿಯನ್ನು ನಾಲ್ಕು ಸಲ ಹಾಡಿ. ಎಲ್ಲಿ ಉಸಿರು ಸಾಲದೋ ಅಲ್ಲಿ ಸಾಹಿತ್ಯದಿಂದ ಒಂದು ಗಣ ತೆಗೆದು ಖಾಲಿ ಬಿಡಿ. ಆ ಖಾಲಿಯನ್ನು ದುಡಿ ತುಂಬುತ್ತದೆ. ಹೊಸ ಪಲ್ಲವಿ ಸಿದ್ಧವಾದ ಮೇಲೆ ಬರೀ ಕಿಕ್, ದುಡಿ ಮತ್ತು ದನಿ ಇರುವ ಕರಡು ಪ್ರತಿಯನ್ನು ಕಳಿಸಿ. ಉಳಿದ ವಾದ್ಯಗಳನ್ನು ಆಗ ಸೇರಿಸಿದರೆ ಸಾಕು.

— ಸಂಪಾದಕ