ಎನ್‌ಎ ಆದ ಜಮೀನಿನಲ್ಲಿ ದಾಲ್ ಮಿಲ್ ಹಾಕಬಹುದೇ, ಪ್ಲಾಟ್ ಮಾಡುವುದು ಒಳ್ಳೆಯದೇ?

ಕಲಬುರಗಿ ಜಿಲ್ಲೆಯ ಪುರಸಭೆ ಊರು, ಊರಂಚಿಗೆ 1 ಎಕರೆ 10 ಗುಂಟೆ, ಎನ್‌ಎ (ಕೃಷಿಯೇತರ ಬಳಕೆ) ಆದೇಶ ಕೈಯಲ್ಲಿದೆ, ಮಿಲ್ಲೋ ಪ್ಲಾಟೋ ಎಂದು ಕೇಳಿದ್ದೀರಿ. ಯಾದಗಿರಿ ಕಡೆ ನಮ್ಮ ಮನೆತನದ ಜಮೀನಿನದೂ ಇದೇ ಕಥೆ: ಊರಂಚು, ಹಳೆಯ ಎನ್‌ಎ, ಸುತ್ತ ತೊಗರಿ ಬೆಳೆಯುವ ಸೀಮೆ, ಹಾಗಾಗಿ ದಾಲ್ ಮಿಲ್. ಯಂತ್ರಕ್ಕೆ ಮುಂಗಡ ಕೊಟ್ಟಾಗಿತ್ತು, ಶೆಡ್ಡಿನ ನಕ್ಷೆ ಬರೆಸಿಯಾಗಿತ್ತು. ಕಟ್ಟಡ ಪರವಾನಗಿಗೆ ಅರ್ಜಿ ಹಾಕಿದಾಗ ಬಂದ ಉತ್ತರ ಎರಡೇ ಸಾಲು: ಸದರಿ ಸರ್ವೆ ನಂಬರು ಮಹಾಯೋಜನೆಯಲ್ಲಿ ವಸತಿ ವಲಯದಲ್ಲಿದೆ, ಉದ್ದೇಶಿತ ಉಪಯೋಗಕ್ಕೆ ಅವಕಾಶವಿಲ್ಲ. ಮುಂಗಡದ ರೊಕ್ಕ ವಾಪಸು ಬರಲಿಲ್ಲ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವುದರಲ್ಲಿ ಲಾಭ ಎಂಬುದು ಆಮೇಲಿನ ಮಾತು. ಆ ಜಮೀನಿನ ಮೇಲೆ ಏನು ಕಟ್ಟಬಹುದು ಎಂಬುದನ್ನು ನಿಮ್ಮ ಊರಿನ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್, ಆಗಲೇ ತೀರ್ಮಾನ ಮಾಡಿಟ್ಟಿರಬಹುದು. ನೀವು ಅದನ್ನು ನೋಡಿದ್ದೀರೆಂದು ನಿಮ್ಮ ಪ್ರಶ್ನೆಯಲ್ಲಿ ಎಲ್ಲೂ ಇಲ್ಲ.

ನಮ್ಮನ್ನು ಮುಳುಗಿಸಿದ್ದು ಒಂದೇ ತಪ್ಪು ತಿಳಿವಳಿಕೆ. ನಮ್ಮ ಭಾಗದಲ್ಲಿ ಹತ್ತರಲ್ಲಿ ಎಂಟು ಮಂದಿ ಹೀಗೇ ತಿಳಿದಿರುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಎನ್‌ಎ ಆಯಿತೆಂದರೆ ಹೊಲ ಹೋಗಿ ಪ್ಲಾಟ್ ಆಯಿತು, ಇನ್ನು ಏನು ಬೇಕಾದರೂ ಕಟ್ಟಬಹುದು ಎಂಬ ನಂಬಿಕೆ ಅದು. ಎನ್‌ಎ ಕೊಡುವುದು ಕಂದಾಯ ಇಲಾಖೆ, 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಗಳ ಆದೇಶ. ಅದು ಹೇಳುವುದು ಇಷ್ಟೇ: ಈ ಜಮೀನನ್ನು ಇಂಥ ಉದ್ದೇಶಕ್ಕಾಗಿ ಕೃಷಿಯಿಂದ ಬಿಡಿಸಿದೆ. ಕಟ್ಟುವ ವಿಷಯ ನೋಡಿಕೊಳ್ಳುವುದು ಬೇರೆಯೇ ಕಾಯ್ದೆ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರ 14ನೇ ಕಲಮಿನ ಪ್ರಕಾರ ಯೋಜನಾ ಪ್ರದೇಶದ ಒಳಗಿನ ಪ್ರತಿಯೊಂದು ಭೂ ಉಪಯೋಗವೂ ಮಹಾಯೋಜನೆಗೆ ಹೊಂದಬೇಕು. ಕಲಬುರಗಿ, ಬೀದರ್ ನಗರಗಳಲ್ಲಿ ಇದನ್ನು ನಗರಾಭಿವೃದ್ಧಿ ಪ್ರಾಧಿಕಾರ ನೋಡಿಕೊಳ್ಳುತ್ತದೆ, ಸಣ್ಣ ಊರುಗಳಲ್ಲಿ ಯೋಜನಾ ಪ್ರಾಧಿಕಾರ. ಒಂದು ಇಲಾಖೆಯ ಕಾಗದ ಇನ್ನೊಂದು ಇಲಾಖೆಯ ಬಾಗಿಲು ತೆರೆಯುವುದಿಲ್ಲ.

ಈಗ ನಿಮ್ಮ ಎನ್‌ಎ ಆದೇಶವನ್ನು ತೆಗೆದು ಮುಂದಿಟ್ಟುಕೊಳ್ಳಿ. ಮೊದಲ ಪುಟದಲ್ಲೇ ಉದ್ದೇಶ ಬರೆದಿರುತ್ತದೆ: ವಸತಿ, ವಾಣಿಜ್ಯ ಅಥವಾ ಕೈಗಾರಿಕೆ. ಕೊನೆಯಲ್ಲಿ ಷರತ್ತುಗಳ ಪಟ್ಟಿ ಇರುತ್ತದೆ, ಯಾರೂ ಓದದ ಭಾಗ ಅದು. ಮಂಜೂರಾದ ಉದ್ದೇಶಕ್ಕೆ ಮಾತ್ರ ಬಳಸಬೇಕು, ಕಟ್ಟುವ ಮೊದಲು ಸಂಬಂಧಪಟ್ಟ ಪ್ರಾಧಿಕಾರದಿಂದ ನಕ್ಷೆ ಮಂಜೂರು ಮಾಡಿಸಬೇಕು, ತಪ್ಪಿದರೆ ಆದೇಶ ರದ್ದು ಎಂದು ಅಲ್ಲೇ ಇರುತ್ತದೆ. ನಮ್ಮ ಆದೇಶದಲ್ಲಿ ಉದ್ದೇಶ ‘ವಸತಿ’. ಅದರ ಮೇಲೆ ಮಿಲ್ ಕಟ್ಟಲು ಹೊರಟಿದ್ದೆವು. ಅಂದರೆ ಎರಡು ಕಡೆ ತಪ್ಪಿತ್ತು: ಎನ್‌ಎ ಉದ್ದೇಶವೂ ಹೊಂದಲಿಲ್ಲ, ವಲಯವೂ ಹೊಂದಲಿಲ್ಲ. ಇಷ್ಟಕ್ಕೆ ಮುಗಿಯುವುದಿಲ್ಲ. ಹಳೆಯ ಎನ್‌ಎ ಆದ ಮೇಲೆ ಹೊಸ ಮಹಾಯೋಜನೆ ಬಂದಿದ್ದರೆ ಉದ್ದೇಶ ಹೊಂದಿದ್ದರೂ ತೊಂದರೆ ಬರಬಹುದು. ಯೋಜನಾ ಕಾಯ್ದೆಯ 13-ಡಿ ಪ್ರಕಾರ ಹತ್ತು ವರ್ಷಕ್ಕೊಮ್ಮೆಯಾದರೂ ಹೊಸ ಸರ್ವೆ ಮಾಡಿ ಯೋಜನೆಯನ್ನು ಪರಿಷ್ಕರಿಸಬೇಕು. ಆ ಪರಿಷ್ಕರಣೆಯಲ್ಲಿ ನಿಮ್ಮ ಹೊಲದ ನಡುವೆ ರಸ್ತೆ ಬಂದಿರಬಹುದು, ಮೂಲೆಯಲ್ಲಿ ಉದ್ಯಾನ ಬಂದಿರಬಹುದು.

ಮೊದಲ ಕೆಲಸ: ನಿಮ್ಮ ಸರ್ವೆ ನಂಬರು ಸ್ಥಳೀಯ ಯೋಜನಾ ಪ್ರದೇಶದ ಒಳಗಿದೆಯೋ ಹೊರಗಿದೆಯೋ ನೋಡಿ. ಪುರಸಭೆ ಗಡಿ ಬೇರೆ, ಯೋಜನಾ ಪ್ರದೇಶದ ಗಡಿ ಬೇರೆ. ಪಂಚಾಯಿತಿಯ ಹಳ್ಳಿಗಳೂ ಎಷ್ಟೋ ಸಲ ಯೋಜನಾ ಪ್ರದೇಶದ ಒಳಗೆ ಬರುತ್ತವೆ. ‘ನಮ್ಮದು ಪಂಚಾಯಿತಿ, ನಮಗೆ ಪ್ಲಾನ್ ಇಲ್ಲ’ ಎನ್ನುವ ಮಾತನ್ನು ನಂಬಿ ಪ್ಲಾಟ್ ಕೊಂಡವರು ಆಮೇಲೆ ಪರವಾನಗಿಗೆ ಅಲೆಯುವುದು ಇದಕ್ಕೇ. ಹೊರಗಿದ್ದರೆ ಜಿಲ್ಲೆಯ ನಗರ ಮತ್ತು ಗ್ರಾಮಾಂತರ ಯೋಜನೆ ಕಚೇರಿಯಲ್ಲಿ ಕೇಳಿ.

ಒಳಗಿದ್ದರೆ ಜಮೀನು ಯಾವ ವಲಯದಲ್ಲಿದೆ ಎಂದು ಬರೆದುಕೊಡುವ ವಲಯ ಪ್ರಮಾಣಪತ್ರಕ್ಕೆ ಪ್ರಾಧಿಕಾರದಲ್ಲಿ ಅರ್ಜಿ ಹಾಕಿ. ಪಹಣಿ, ಸರ್ವೆ ನಕ್ಷೆ, ಪೂರ್ತಿ ಸರ್ವೆ ನಂಬರು ನಿಮ್ಮದಲ್ಲದಿದ್ದರೆ ನಿಮ್ಮ ಭಾಗವನ್ನಷ್ಟೇ ಅಳೆದು ತೋರಿಸುವ 11ಇ ನಕ್ಷೆ ಲಗತ್ತಿಸಿ. ಪ್ರಮಾಣಪತ್ರದಲ್ಲಿ ಸರ್ವೆ ನಂಬರಿನ ಜೊತೆ ಹಿಸ್ಸಾ ನಂಬರೂ ಇರಬೇಕೆಂದು ಅರ್ಜಿಯಲ್ಲೇ ಬರೆಯಿರಿ. ಕಾರಣ, ವಲಯದ ಗೆರೆ ಎಷ್ಟೋ ಕಡೆ ಸರ್ವೆ ನಂಬರಿನ ನಡುವೆಯೇ ಹಾಯುತ್ತದೆ. ‘ಸರ್ವೆ ನಂಬರು ಇಂತಿಷ್ಟು, ಭಾಗಶಃ ವಸತಿ, ಭಾಗಶಃ ಕೃಷಿ’ ಎಂದು ಬರೆದುಕೊಟ್ಟರೆ ನಿಮ್ಮ ಹಿಸ್ಸೆ ಯಾವ ಭಾಗದಲ್ಲಿದೆ ಎಂಬುದು ತಿಳಿಯುವುದೇ ಇಲ್ಲ. ಪ್ರಮಾಣಪತ್ರದ ಜೊತೆ ಮಹಾಯೋಜನೆ ನಕ್ಷೆಯ ದೃಢೀಕೃತ ತುಣುಕನ್ನೂ ಕೇಳಿ. ಬಾಯಿಮಾತಿನ ಉತ್ತರ ಬೇಡ. ಕೊಡದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ, 30 ದಿನದೊಳಗೆ ಉತ್ತರಿಸಲೇಬೇಕು. ಕಚೇರಿಗೆ ಹೋಗುವ ಮುನ್ನ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದು ಹೊಲದಲ್ಲಿ ನಿಂತು ಸರ್ವೆ ನಂಬರು ಖಾತ್ರಿ ಮಾಡಿಕೊಳ್ಳಿ. ಅದು ಅಂದಾಜಿಗೆ ಮಾತ್ರ, ಹದ್ದಿಗೆ ಅದನ್ನು ಪುರಾವೆ ಎಂದು ತೋರಿಸಬೇಡಿ.

ನಕ್ಷೆ ಓದುವುದು ಕಷ್ಟವಲ್ಲ. ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಉಪಯೋಗ, ಹಸಿರು ಉದ್ಯಾನ, ಸಾಮಾನ್ಯವಾಗಿ ಹೀಗಿರುತ್ತದೆ. ನಿಮ್ಮ ಊರಿನ ನಕ್ಷೆಯ ಮೂಲೆಯಲ್ಲಿ ಕೊಟ್ಟ ಬಣ್ಣದ ಸೂಚಿಯನ್ನೇ ಅಂತಿಮ ಎಂದುಕೊಳ್ಳಿ. ಬಣ್ಣಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಹೊಲದ ಮೇಲೆ ಹಾದುಹೋದ ಜೋಡಿ ಗೆರೆಗಳು. ಅದು ಯೋಜಿತ ರಸ್ತೆ. ಲೆಕ್ಕ ಮಾಡಿ: 18 ಮೀಟರ್ ಅಗಲದ ರಸ್ತೆ ನಿಮ್ಮ ಜಮೀನಿನಲ್ಲಿ 60 ಮೀಟರ್ ಉದ್ದಕ್ಕೆ ಹಾದರೆ 1,080 ಚದರ ಮೀಟರ್ ಹೋಗುತ್ತದೆ. ಒಂದು ಗುಂಟೆ ಎಂದರೆ 101 ಚದರ ಮೀಟರ್ ಚಿಲ್ಲರೆ, ಅಂದರೆ ಹತ್ತೂವರೆ ಗುಂಟೆಗೂ ಹೆಚ್ಚು. ನಿಮ್ಮ 50 ಗುಂಟೆಯಲ್ಲಿ ಐದನೇ ಒಂದು ಭಾಗ ಕಾಗದದ ಮೇಲೆ ಆಗಲೇ ರಸ್ತೆ. ರಸ್ತೆಗೋ ಉದ್ಯಾನಕ್ಕೋ ಗುರುತಿಸಿದ ಜಮೀನನ್ನು ಯೋಜನೆ ಜಾರಿಯಾದ ಐದು ವರ್ಷದೊಳಗೆ ಒಪ್ಪಂದದಿಂದ ಪಡೆಯದಿದ್ದರೆ, ಭೂಸ್ವಾಧೀನವನ್ನೂ ಶುರು ಮಾಡದಿದ್ದರೆ, ಆ ಗುರುತು ಬಿದ್ದುಹೋಗುತ್ತದೆಂದು 69ನೇ ಕಲಮು ಹೇಳುತ್ತದೆ. ಹಾಗೆಂದು ನಕ್ಷೆಯ ಮೇಲಿನ ಗೆರೆ ತಾನಾಗಿ ಅಳಿಸುವುದಿಲ್ಲ. ನೀವೇ ಲಿಖಿತವಾಗಿ ಎತ್ತಬೇಕು, ವಕೀಲರ ಸಹಾಯವೂ ಬೇಕಾಗಬಹುದು.

ಬೀದರ್, ಕಲಬುರಗಿ ಕಡೆಯವರಿಗೆ ಇನ್ನೊಂದು ಎಚ್ಚರಿಕೆ. ಹತ್ತಿರದಲ್ಲಿ ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಿತ ಸ್ಮಾರಕವಿದ್ದರೆ, ಬೀದರ್ ಕೋಟೆ, ಕಲಬುರಗಿ ಕೋಟೆ, ಚಿತ್ತಾಪುರ ತಾಲ್ಲೂಕಿನ ಸನ್ನತಿಯಂಥವು, ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಹಳದಿ ವಲಯವಿದ್ದರೂ ಇದು ಅನ್ವಯಿಸುತ್ತದೆ.

ಈಗ ಮಿಲ್ಲಿನ ಮಾತು. ವಲಯ ನಿಯಮಾವಳಿಯ ಪುಸ್ತಕದಲ್ಲಿ ಪ್ರತಿ ವಲಯಕ್ಕೂ ಎರಡು ಪಟ್ಟಿ: ನೇರವಾಗಿ ಅನುಮತಿಸಬಹುದಾದ ಉಪಯೋಗಗಳು, ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಅನುಮತಿಸಬಹುದಾದವು. ವಸತಿ ವಲಯದಲ್ಲಿ ಹಿಟ್ಟಿನ ಗಿರಣಿಯಂಥ ಸಣ್ಣ ಸೇವಾ ಉದ್ದಿಮೆಗೆ ಜಾಗ ಮತ್ತು ಅಶ್ವಶಕ್ತಿಯ ಮಿತಿ ಹಾಕಿ ಬಿಡುತ್ತಾರೆ. ಹಿಟ್ಟಿನ ಗಿರಣಿ ಬಿಡುತ್ತಾರೆಂದರೆ ದಾಲ್ ಮಿಲ್ ಕೂಡ ಬಿಡುತ್ತಾರೆಂದು ತಿಳಿಯಬೇಡಿ. ತೊಗರಿಗೆ ಸ್ವಚ್ಛ ಮಾಡುವ ಯಂತ್ರ, ರೋಲರ್, ಎಣ್ಣೆ ಹಚ್ಚುವುದು, ಒಣಗಿಸುವುದು, ಒಡೆಯುವುದು, ಜರಡಿ ಎಲ್ಲ ಸೇರಿದರೆ ಆ ಮಿತಿಯಲ್ಲಿ ಕೂಡುವ ಕೆಲಸವೇ ಅಲ್ಲ.

ಭೂ ಉಪಯೋಗ ಬದಲಾವಣೆಗೆ 14-ಎ ಕಲಮು ಇದೆ. ದಾರಿ ಹೀಗೆ: ಪ್ರಾಧಿಕಾರಕ್ಕೆ ಅರ್ಜಿ, ಆ ಭಾಗದಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಪ್ರಕಟಣೆ, ಆಕ್ಷೇಪಣೆಗೆ ಕನಿಷ್ಠ 15 ದಿನ, ಸರ್ಕಾರದ ಪೂರ್ವಾನುಮೋದನೆ, ಆಮೇಲೆ ಶುಲ್ಕ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕೆಂದು ಕಲಮಿನಲ್ಲೇ ಇದೆ, ‘ನನಗೆ ಲಾಭ’ ಎಂಬುದು ಕಾರಣವಲ್ಲ. ಕೈಗಾರಿಕೆಯಿಂದ ವಸತಿಗೆ, ವಾಣಿಜ್ಯದಿಂದ ವಸತಿಗೆ ಇಳಿಯುವುದನ್ನು ಕಾಯ್ದೆ ಸುಲಭ ಮಾಡಿದೆ: ಶುಲ್ಕ ಕಟ್ಟಿ ಪ್ರಾಧಿಕಾರಕ್ಕೆ ಮುಂಚೆಯೇ ತಿಳಿಸಿದರೆ ಸಾಕು. ವಸತಿಯಿಂದ ಕೈಗಾರಿಕೆಗೆ ಏರುವುದಕ್ಕೆ ಆ ಸೌಲಭ್ಯವಿಲ್ಲ.

ನಮ್ಮ ಕಡತ ನಿಂತದ್ದು ಆಕ್ಷೇಪಣೆಯ ಹಂತದಲ್ಲಿ. ಬಾಜು ಮನೆಗಳವರು ಬರೆದುಕೊಟ್ಟರು: ಹೊಟ್ಟಿನ ದೂಳು, ಸುಗ್ಗಿಯಲ್ಲಿ ರಾತ್ರಿಯೆಲ್ಲ ಯಂತ್ರದ ಸದ್ದು, ಲಾರಿ ತಿರುಗಲು ರಸ್ತೆ ಸಾಲದು. ಮೂರೂ ನಿಜ. ತೊಗರಿ ಹೊಟ್ಟಿನ ದೂಳು ಸಣ್ಣ ಮಕ್ಕಳಿರುವ ಮನೆಗೆ ಏನು ಮಾಡುತ್ತದೆಂದು ಮಿಲ್ಲಿನ ಪಕ್ಕ ಇದ್ದವರಿಗೆ ಗೊತ್ತು. ಅರ್ಜಿ ಹಿಂತೆಗೆದುಕೊಂಡೆವು. ಮನೆಗಳ ನಡುವೆ ಮಿಲ್ಲಿಗೆ 14-ಎ ಸಿಗುವ ಹಾಗಿದ್ದರೂ ಹಾಕಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಿಲ್ಲೇ ಮಾಡಬೇಕೆಂದಿದ್ದರೆ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಟ್ ನೋಡಿ: ಕಲಬುರಗಿಯಲ್ಲಿ ಕಪನೂರು, ನಂದೂರು-ಕೇಸರಟಗಿ, ಬೀದರ್ ಕಡೆ ಕೊಳಾರ, ಹುಮನಾಬಾದ್, ಯಾದಗಿರಿ ಕಡೆ ಕಡೇಚೂರು-ಬಾಡಿಯಾಳ. ಅಲ್ಲಿ ವಲಯದ ಜಗಳವೇ ಇರುವುದಿಲ್ಲ, ಲಾರಿ ರಸ್ತೆಯೂ ಇರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ವಿದ್ಯುತ್ ಕಂಪನಿ ಜೆಸ್ಕಾಂನಿಂದ ಕೈಗಾರಿಕಾ ಸಂಪರ್ಕ ಅಲ್ಲೂ ಬೇಕು, ಆದರೆ ಜಾಗದ ಕಾರಣಕ್ಕೆ ಅವು ತಡೆಯುವುದಿಲ್ಲ.

ಪ್ಲಾಟ್ ಮಾಡುವುದಾದರೆ 17ನೇ ಕಲಮಿನಡಿ ವಿನ್ಯಾಸ (ಲೇಔಟ್) ಮಂಜೂರಾಗಬೇಕು. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಬಿಟ್ಟು ಅವನ್ನು ಪುಕ್ಕಟೆ ಬರೆದುಕೊಡಬೇಕು. ನಿಮ್ಮ 50 ಗುಂಟೆ ಅಂದರೆ 54,450 ಚದರಡಿ. ಅರ್ಧ ಮಾರಾಟಕ್ಕೆ ಉಳಿಯಿತೆಂದರೆ 27,225, ಅಂದರೆ 30×40ರ ಪ್ಲಾಟು 22. ಚರಂಡಿ, ಡಾಂಬರು, ನೀರಿನ ಪೈಪು, ವಿದ್ಯುತ್ ಕಂಬ ಎಲ್ಲ ನಿಮ್ಮ ಖರ್ಚು. ಇಷ್ಟು ಸಣ್ಣ ತುಂಡಿನಲ್ಲಿ ಬಿಟ್ಟುಕೊಡುವ ಜಾಗದ ಹೊರೆ ಹೆಚ್ಚು ಬೀಳುತ್ತದೆ, ತುಂಡಿನ ಆಕಾರ ಉದ್ದುದ್ದ ಇದ್ದರೆ ಇನ್ನೂ ಹೆಚ್ಚು. ಬಾಜು ಹೊಲದವರೂ ಸೇರಿ 4-5 ಎಕರೆಗೆ ಒಂದೇ ವಿನ್ಯಾಸ ಮಾಡಿಸುವುದು ಮೇಲು. ನಾವು ಕೊನೆಗೆ ಮಾಡಿದ್ದೂ ಅದನ್ನೇ.

ಮಂಜೂರಾತಿ ಇಲ್ಲದೆ ಗುಂಟೆ ಲೆಕ್ಕದಲ್ಲಿ ಕೊಯ್ದು ಬಾಂಡ್ ಪೇಪರಿನ ಮೇಲೆ ಮಾರುವುದನ್ನು ಮಾತ್ರ ಮಾಡಬೇಡಿ. ಕೊಂಡವರು ಕೂಲಿ ಮಾಡಿ ಕೂಡಿಸಿದ ರೊಕ್ಕ ಹಾಕಿರುತ್ತಾರೆ. ಅವರಿಗೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಪರವಾನಗಿ ಸಿಗುವುದಿಲ್ಲ, ಚರಂಡಿ ಬರುವುದಿಲ್ಲ. ಆಮೇಲೆ ಬಿ ಖಾತಾ (ಮಂಜೂರಾತಿ ಇಲ್ಲದ ಆಸ್ತಿಗೆ ತೆರಿಗೆಗಾಗಿ ಕೊಡುವ ಖಾತೆ) ಸಿಕ್ಕರೂ ವಿನ್ಯಾಸ ಮಂಜೂರಾದಂತಲ್ಲ.

ನಿಮ್ಮ ಊರಿನಲ್ಲಿ ಮಹಾಯೋಜನೆ ಈಗ ತಯಾರಾಗುತ್ತಿದ್ದರೆ ಉಳಿದದ್ದೆಲ್ಲ ಬಿಟ್ಟು ಕರಡು ನಕ್ಷೆ ನೋಡಲು ಹೋಗಿ. ತಾತ್ಕಾಲಿಕ ಅನುಮೋದನೆಯಾದ ಮೇಲೆ 13ನೇ ಕಲಮಿನಂತೆ ಅದನ್ನು ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯುತ್ತಾರೆ. ಪ್ರಕಟಣೆಯಲ್ಲಿ ಕೊಟ್ಟ ಗಡುವಿನೊಳಗೆ ಒಂದು ಪುಟದ ಆಕ್ಷೇಪಣೆಯಿಂದ ಆಗುವ ಕೆಲಸ ಆಮೇಲೆ ವರ್ಷಗಟ್ಟಲೆ ಅಲೆದರೂ ಆಗದು. ಸರ್ವೆ ನಂಬರು, ಹಿಸ್ಸಾ, ನಕ್ಷೆಯಲ್ಲಿ ತೋರಿಸಿದ್ದು ಏನು, ಸ್ಥಳದಲ್ಲಿ ಇರುವುದು ಏನು, ಯಾವ ಬದಲಾವಣೆ ಬೇಕು, ಯಾಕೆ: ಇಷ್ಟೇ ಬರೆಯಿರಿ. ಪಹಣಿ, ಎನ್‌ಎ ಆದೇಶ, ಸ್ಥಳದ ಫೋಟೊ ಲಗತ್ತಿಸಿ ಎರಡು ಪ್ರತಿ ಒಯ್ದು ಒಂದರ ಮೇಲೆ ತಾರೀಖಿನ ಜೊತೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಎನ್‌ಎ ಆದ ಜಮೀನಿನ ಮೇಲೆ ತಿಳಿಯದೆ ಉದ್ಯಾನ ತೋರಿಸಿದ ಪ್ರಕರಣಗಳು ಸರಿಯಾಗುವುದು ಈ ಹಂತದಲ್ಲೇ.

ಮೊದಲು ವಲಯ ಪ್ರಮಾಣಪತ್ರ ತೆಗೆಸಿ. ಅದರಲ್ಲಿ ಏನು ಬರೆದಿದ್ದಾರೆ, ಯೋಜಿತ ರಸ್ತೆಯ ಅಗಲ ಎಷ್ಟು, ಎನ್‌ಎ ಆದೇಶದ ಉದ್ದೇಶ ಏನು, ಈ ಮೂರನ್ನು ಇಲ್ಲಿ ಬರೆಯಿರಿ. ಆಮೇಲೆ ಪ್ಲಾಟಿನ ಲೆಕ್ಕವನ್ನು ಕೂಡಿಯೇ ಮಾಡೋಣ. ಅಲ್ಲಿಯ ತನಕ ಯಂತ್ರದವರಿಗಾಗಲಿ ಡೆವಲಪರ್‌ಗಾಗಲಿ ಒಂದು ರೂಪಾಯಿ ಮುಂಗಡ ಕೊಡಬೇಡಿ, ಯಾವ ಕರಾರಿಗೂ ಸಹಿ ಹಾಕಬೇಡಿ.